ಮೆಟಿಲ್ಡಾ ಟೀಚರ್ ಕಲಿಸಿದ ಊರು

ಅಬುಧಾಬಿಯ ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ಪ್ರತಿ ವರ್ಷ ಸಾಧಕರ ಪರಿಚಯ ಇರುತ್ತದೆ. ಸಾಧಕರೆಂದರೆ ಹೋಟೆಲ್ ಇಟ್ಟವರು, ಕಂಪೆನಿಗೆ ಮ್ಯಾನೇಜರ್ ಆದವರು, ಫೋಟೋದಲ್ಲಿ ಕೋಟು ಹಾಕಿಕೊಂಡವರು. ಈ ಸಲ ಮೆಟಿಲ್ಡಾ ಟೀಚರ್ ಬಗ್ಗೆ ಬರೆಯುತ್ತೇನೆ ಅಂದೆ. "ಅವರು ಎಂತ ಮಾಡಿದ್ದಾರೆ ಬ್ರೆಂಡಾ?" ಅಂತ ಸಂಪಾದಕ ಜಯಪಾಲರು ಕೇಳಿದರು. "ಮುದುಕರಿಗೆ ಸ್ನಾನ ಮಾಡಿಸಿದ್ದಾರೆ" ಅಂದೆ. ಜಯಪಾಲರು, "ಒಂದು ಪುಟಕ್ಕೆ ಮುಗಿಸಿ, ಆಯ್ತಾ" ಅಂದರು. ಒಂದು ಪುಟಕ್ಕೆ ಇದು ಮುಗಿಯುವುದಿಲ್ಲ. ಬೇಡವಾದರೆ ಬಿಡಲಿ.

ಮೆಟಿಲ್ಡಾ ನನಗೆ ನಿಜವಾಗಿಯೂ ಟೀಚರ್. ಬ್ರಹ್ಮಾವರದ ಹತ್ತಿರ ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಭಾನುವಾರದ ಪೂಜೆ ಮುಗಿದ ಮೇಲೆ ಅವರು ಮಕ್ಕಳಿಗೆ ದೊತೊರ್ನ್ ಕಲಿಸುತ್ತಿದ್ದರು. ದೊತೊರ್ನ್ ಎಂದರೆ ಧರ್ಮಪಾಠ. ಪ್ರಶ್ನೆ ಒಂದು, ಉತ್ತರ ಒಂದು, ಎರಡೂ ಬಾಯಿಪಾಠ. ಅರ್ಥ ಆಮೇಲೆ, ದೊಡ್ಡವರಾದಾಗ. ಟೀಚರ್ ಕೈಗೆ ಸಿಕ್ಕಿದ ಯಾವ ದಡ್ಡ ಮಗುವೂ ಫೇಲಾದದ್ದಿಲ್ಲ. ಆದರೆ ಕ್ರಮ ತಪ್ಪಬಾರದು. ಒಮ್ಮೆ ಪಾದ್ರಿಗಳು ಪರೀಕ್ಷೆಗೆಂದು ಬಂದವರು, ಪ್ರೀತಿಯಿಂದ ನಾರ್ಬರ್ಟನ ತಲೆ ಸವರಿ, "ನಿನ್ನ ಅಪ್ಪ ಅಮ್ಮ ಯಾರು ಮಗಾ?" ಅಂತ ಕೇಳಿದರು. ನಾರ್ಬರ್ಟ್ ಕೈಕಟ್ಟಿ ನಿಂತು, "ಆದಾಂವ್ ಆನಿ ಏವ್, ಫಾದರ್" ಅಂದ. ನಮ್ಮೆಲ್ಲರ ಮೊದಲ ಅಪ್ಪ ಅಮ್ಮ ಆದಾಮ್ ಮತ್ತು ಈವ್ ಅನ್ನುವುದು ದೊತೊರ್ನ್ ಪಟ್ಟಿಯ ಮೊದಲ ಉತ್ತರ. ಇಗರ್ಜಿಯೇ ನಕ್ಕಿತು. ಟೀಚರ್ ಮಾತ್ರ ನಗಲಿಲ್ಲ. ಉತ್ತರ ಸರಿಯಾಗಿಯೇ ಇತ್ತು ಅಂತ ಅವರ ವಾದ.

ಮದುವೆ ಅವರ ಹಣೆಯಲ್ಲಿ ಬರೆದಿರಲಿಲ್ಲ, ಅಥವಾ ಬರೆದದ್ದನ್ನು ಯಾರೂ ಓದಲಿಲ್ಲ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿ ಕೆಲಸ ಕಲಿತು, ಆಮೇಲೆ ಈ ಕಡೆ ಬಂದರು. ಮೊದಲು ದುಬೈಯ ಸತ್ವಾದಲ್ಲಿ ಹಾಸಿಗೆ ಹಿಡಿದ ಒಬ್ಬರು ಅಜ್ಜಿ, ಆಮೇಲೆ ಅಬುಧಾಬಿಯಲ್ಲಿ ಒಬ್ಬರಾದ ಮೇಲೆ ಒಬ್ಬರು. ಒಬ್ಬರು ತೀರಿಕೊಂಡರೆ ವೀಸಾ ಖಲಾಸ್, ಇನ್ನೊಬ್ಬ ಮುದುಕರನ್ನು ಹುಡುಕಬೇಕು. ನಾನು ಒಂದು ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಇದ್ದೇನೆ. ಎಲೆಕ್ಟ್ರಾ ಸ್ಟ್ರೀಟಿನ ಹಿಂದೆ ಹಂಚಿಕೊಂಡ ಫ್ಲ್ಯಾಟಿನಲ್ಲಿ ನನಗೊಂದು ಕೋಣೆ. ರಜೆಯ ದಿನ ಟೀಚರ್ ಪೂಜೆ ಮುಗಿಸಿ ಬಸ್ಸಿನಲ್ಲಿ ನನ್ನ ಕೋಣೆಗೆ ಬಂದು, ನನ್ನ ಹಾಸಿಗೆಯ ಮೇಲೆ ಕಾಲು ಚಾಚಿ, ನನ್ನ ಅಡುಗೆಗೆ ಉಪ್ಪು ಕಡಿಮೆ ಅಂತ ಹೇಳಿ ಊಟ ಮಾಡುತ್ತಾರೆ.

ಅಬುಧಾಬಿಯಲ್ಲಿ ಅವರು ಕೊನೆಗೆ ನೋಡಿಕೊಂಡ ಅಜ್ಜ ಗ್ವಿಲಿಮ್. ಬ್ರಿಟನ್ನಿನವರು, ಆದರೆ ಇಂಗ್ಲಿಷ್ ಜನ ಅಂದರೆ ಸಿಟ್ಟಾಗುತ್ತಿದ್ದರು, ವೇಲ್ಸಿನವರು ಅನ್ನಬೇಕು. ನಮ್ಮನ್ನು ಎಲ್ಲರೂ ಮಲಯಾಳಿ ಅಂದುಕೊಂಡರೆ ನಮಗೆ ಆಗುವ ಹಾಗೆ. ಎಂಬತ್ತು ದಾಟಿದ ವಿಧುರ. ಮಗಳು ರೀಯನ್ ಇಲ್ಲಿಯ ಶಾಲೆಯೊಂದರಲ್ಲಿ ಟೀಚರ್, ಖಲೀಫಾ ಸಿಟಿಯಲ್ಲಿ ಮನೆ. ಅಜ್ಜನಿಗೆ ಮರೆವು ಶುರುವಾಗಿತ್ತು. ಚಮಚ ಎಲ್ಲಿಟ್ಟೆ ಅನ್ನುವುದು ಮರೆತುಹೋಗುತ್ತಿತ್ತು, ಹಳೆಯದೆಲ್ಲ ಗಟ್ಟಿ. ಟೀಚರ್ ಅವರನ್ನು ಎದುರಿಗೆ ಸರ್ ಅನ್ನುತ್ತಿದ್ದರು, ನನ್ನ ಹತ್ತಿರ ಮಾತಾಡುವಾಗ 'ನಮ್ಮ ಆಬ್' ಅನ್ನುತ್ತಿದ್ದರು. ಕೊಂಕಣಿಯಲ್ಲಿ ಅಜ್ಜನಿಗೆ ಹಾಗೆನ್ನುವುದು. ಬೇರೆ ಯಾವ ಮುದುಕರನ್ನೂ ಅವರು ಹಾಗೆ ಕರೆದದ್ದನ್ನು ನಾನು ಕೇಳಿಲ್ಲ.

ಆ ಅಜ್ಜನ ಊರು ಇಸ್‌ಲೂಯಿನ್. ಊರು ಅಂದರೆ ಒಂದು ಊರಲ್ಲ, ನಮ್ಮ ತಾಲೂಕಿನ ಹಾಗೆ. ಗ್ವೆಂಟ್ ಎನ್ನುವ ಜಿಲ್ಲೆಯೊಳಗೆ, ಕಲ್ಲಿದ್ದಲು ಗಣಿಗಳ ಕಣಿವೆಯಲ್ಲಿ, ಹಳೆಯ ಸಣ್ಣ ಪುರಸಭೆಗಳನ್ನು ಒಟ್ಟು ಮಾಡಿ 1974ರಲ್ಲಿ ಕಟ್ಟಿದ್ದು. ಅಲ್ಲಿಯ ಒಂದು ಗುಡ್ಡದ ಹೆಸರಿನಿಂದ ಈ ಹೆಸರು ಬಂತಂತೆ. ಮರಗಳ ತೋಪಿನ ಕೆಳಗೆ ಅಂತ ಅರ್ಥ. "ನಮ್ಮಲ್ಲಾದರೆ ಹಾಡಿಯಡಿ ಅಂತ ಇಡ್ತಿದ್ರು" ಅಂತ ಟೀಚರ್ ನನಗೆ ವಿವರಿಸಿದರು. ಗ್ವಿಲಿಮ್ ಅಜ್ಜ ಮೊದಲ ದಿನದಿಂದ ಅಲ್ಲಿಯ ಬರೋ ಕೌನ್ಸಿಲ್, ಅಂದರೆ ನಮ್ಮ ತಾಲೂಕು ಪಂಚಾಯತಿಯಂಥ ಕಚೇರಿಯಲ್ಲಿ ಗುಮಾಸ್ತರು. ಕಸದ ಗಾಡಿ ಬರಲಿಲ್ಲ, ಬೀದಿ ದೀಪ ಉರಿಯುವುದಿಲ್ಲ, ಚರಂಡಿ ಕಟ್ಟಿದೆ ಅಂತ ಜನ ಬೈಯಲಿಕ್ಕೆ ಫೋನ್ ಮಾಡಿದರೆ ಎತ್ತುವವರು ಇವರು. "ಇಸ್‌ಲೂಯಿನ್ ಬರೋ ಕೌನ್ಸಿಲ್, ಗುಡ್ ಮಾರ್ನಿಂಗ್" ಅಂತ ಅಬುಧಾಬಿಯಲ್ಲೂ ಟಿ.ವಿ. ರಿಮೋಟನ್ನು ಕಿವಿಗೆ ಹಿಡಿದು ಹೇಳುತ್ತಿದ್ದರಂತೆ. ಆ ತಾಲೂಕು ಹುಟ್ಟಿದ್ದು ಏಪ್ರಿಲ್ ಒಂದನೇ ತಾರೀಕು, ಮೂರ್ಖರ ದಿನ ಅಂತ ಹೇಳಿ ನಗುತ್ತಿದ್ದರು. ಕತೆಯ ಅಷ್ಟೇ ಭಾಗ ಹೇಳುತ್ತಿದ್ದರು. ಉಳಿದದ್ದನ್ನು ಮರೆತಿದ್ದರೋ, ಹೇಳಲಿಕ್ಕೆ ಮನಸ್ಸಿರಲಿಲ್ಲವೋ, ದೇವರಿಗೇ ಗೊತ್ತು.

2024ರ ಜುಲೈಯಲ್ಲಿ ಬ್ರಿಟನ್ನಿನ ಚುನಾವಣೆ ಆಯಿತು. ಫಲಿತಾಂಶ ನಮಗೆ ಇಲ್ಲಿ ಬೆಳಗಿನ ಹೊತ್ತಿಗೆ ಬರುತ್ತಿತ್ತು. ಅಜ್ಜ ಶೇವ್ ಮಾಡಿಸಿಕೊಂಡು ಟಿ.ವಿ. ಮುಂದೆ ಕೂತರು, ತಮ್ಮ ಇಸ್‌ಲೂಯಿನ್ ಕ್ಷೇತ್ರದ ಹೆಸರು ಬರಲಿ ಅಂತ. ತಾಲೂಕಿನ ಹೆಸರಿನಲ್ಲೇ ಪಾರ್ಲಿಮೆಂಟ್ ಕ್ಷೇತ್ರವೂ ಇತ್ತು. ಮಧ್ಯಾಹ್ನದ ಊಟದವರೆಗೆ ಕಾದರೂ ಆ ಹೆಸರು ಅವರ ಕಿವಿಗೆ ಬೀಳಲಿಲ್ಲ. "ನಮ್ಮವರು ಎಣಿಸುವುದು ಯಾವಾಗಲೂ ತಡ" ಅಂತ ಸಮಾಧಾನ ಹೇಳಿಕೊಂಡರಂತೆ. ಟೀಚರ್ ಅದನ್ನೂ ನಂಬಿದರು. ನಂಬದೆ ಏನು? ನಮ್ಮ ಬ್ರಹ್ಮಾವರ ವಿಧಾನಸಭಾ ಕ್ಷೇತ್ರ 2008ರಲ್ಲಿ ಮಾಯವಾದದ್ದು ನಮಗೆ ಗೊತ್ತು. ನಮ್ಮ ಅಪ್ಪಂದಿರು ಓಟು ಹಾಕಿದ ಹೆಸರೇ ಈಗ ಇಲ್ಲ. ಆದರೆ ಅದು ನಮ್ಮ ದೇಶದ ಅವಸ್ಥೆ, ಬ್ರಿಟನ್ನಿನಲ್ಲಿ ಎಲ್ಲ ಕಲ್ಲಿನಲ್ಲಿ ಕೆತ್ತಿಟ್ಟ ಹಾಗೆ ಇರುತ್ತದೆ ಅಂತ ನಾವು ಹೇಗೋ ನಂಬಿಬಿಟ್ಟಿದ್ದೇವೆ. ಬಿಳಿ ಚರ್ಮದವರ ಮರೆವಿಗೂ ನಾವು ಮರ್ಯಾದೆ ಕೊಡುವವರು.

ಮಳೆಯಿಲ್ಲದ ಈ ಊರಿನ ಸೆಕೆ ಸ್ವಲ್ಪ ಇಳಿಯುವ ಹೊತ್ತಿಗೆ ರೀಯನ್ ಮೇಡಂ ವಿಷಯ ಹೇಳಿದರು. ಶಾಲೆ ಅವರ ಕಾಂಟ್ರ್ಯಾಕ್ಟ್ ಮುಂದುವರಿಸುವುದಿಲ್ಲ. ಅಪ್ಪ, ಮಗಳು ಇಬ್ಬರೂ ವೇಲ್ಸಿಗೆ ಮರಳಬೇಕು. ಅಲ್ಲಿ ವೃದ್ಧರಿಗೆಂದು ಒಂದು ಜಾಗ ನೋಡಿದ್ದಾರೆ. ಒಂದೇ ಕಾಂಪೌಂಡಿನಲ್ಲಿ ಎರಡು ಕಟ್ಟಡ. ಮುಂದಿನದರಲ್ಲಿ ಬುದ್ಧಿ ನೆಟ್ಟಗಿರುವವರಿಗೆ ಒಂದೊಂದು ಸಣ್ಣ ಮನೆ. ಬಾಗಿಲಿನ ಕೀ ಅವರವರ ಕೈಯಲ್ಲಿ, ಬೇಕಾದಾಗ ಹೊರಗೆ ಹೋಗಿ ಬೆಂಚಿನ ಮೇಲೆ ಕೂತು ಬರಬಹುದು. ಹಿಂದಿನ ಕಟ್ಟಡದ್ದು ಹೊರಗಿನಿಂದ ಬೀಗ. ಯಾರನ್ನು ಎಲ್ಲಿಗೆ ಅಂತ ಅಲ್ಲಿಯ ನರ್ಸ್ ವಿಡಿಯೋ ಕಾಲಿನಲ್ಲಿ ಪ್ರಶ್ನೆ ಕೇಳಿ ತೀರ್ಮಾನಿಸುತ್ತಾರೆ.

ಅಜ್ಜನಿಗೆ ಇದು ಚೆನ್ನಾಗಿ ಅರ್ಥವಾಯಿತು. ಆ ರಾತ್ರಿ ಊಟ ಮುಟ್ಟಲಿಲ್ಲ. ಟೀಚರ್ ಕೈ ಹಿಡಿದು, "ನನ್ನನ್ನು ಬೀಗ ಹಾಕುವ ಕಡೆ ಕಳಿಸಬೇಡ" ಅಂದರು. "ನಾನಿದ್ದೇನೆ ಸರ್" ಅಂದರು ಟೀಚರ್. ಇವರೇನು ಇರುವುದು! ಯಾರ ವೀಸಾದ ಮೇಲೆ, ಯಾವ ದೇಶದಲ್ಲಿ? ಆದರೂ ಅಂದುಬಿಟ್ಟರು.

ಏನೇನು ಕೇಳುತ್ತಾರೆ ಅಂತ ಟೀಚರ್ ರೀಯನ್ ಮೇಡಮನ್ನು ವಿಚಾರಿಸಿದರು. ಅವರು ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿ, ಹೆಸರು, ದಿನ, ವಾರ, ಆಮೇಲೆ ಹೋಮ್ ಎಲ್ಲಿ, ಯಾವ ಜಾಗ, ಅಷ್ಟೇ ಅಂದರು. ಎಡವಟ್ಟು ಆದದ್ದು ಇಲ್ಲಿ, ಆ ಒಂದು ಶಬ್ದದಲ್ಲಿ. ಗಲ್ಫಿನಲ್ಲಿ ಇಷ್ಟು ವರ್ಷ ಇದ್ದ ನಮ್ಮ ಕಿವಿಗೆ ಹೋಮ್ ಅಂದರೆ ಊರು. ಮಲಗುವ ಜಾಗಕ್ಕೆ ನಾವು ರೂಮು ಅನ್ನುತ್ತೇವೆ, ಫ್ಲ್ಯಾಟ್ ಅನ್ನುತ್ತೇವೆ, ಸಾಹೇಬರದ್ದಾದರೆ ವಿಲ್ಲಾ. ಯಾರಾದರೂ ನನ್ನನ್ನು ಹೋಮ್ ಎಲ್ಲಿ ಅಂತ ಕೇಳಿದರೆ ನಾನು ಬ್ರಹ್ಮಾವರ ಅನ್ನುತ್ತೇನೆ. ಎಲೆಕ್ಟ್ರಾ ಸ್ಟ್ರೀಟ್ ಅಂತ ಬಾಯಿಗೆ ಬರುವುದೇ ಇಲ್ಲ. ಈಗ ಎಲ್ಲಿದ್ದೀರಿ ಅನ್ನುವುದು ಒಂದು ಪ್ರಶ್ನೆಯಾಗಬಹುದು ಅಂತ ಟೀಚರಿಗೆ ಹೊಳೆಯಲಿಲ್ಲ. ಊರಿನ ಬಗ್ಗೆ ಪರೀಕ್ಷೆ, ಮಾಡುವವರು ಆ ಊರಿನವರೇ. ಊರು ಸರಿಯಾಗಿ ಹೇಳಿದರೆ ಪಾಸು.

ಹಾಗಾಗಿ ದೊತೊರ್ನ್ ಕ್ಲಾಸು ಮತ್ತೆ ಶುರುವಾಯಿತು. ಬೆಳಿಗ್ಗೆ ಚಾ ಕೊಟ್ಟು ಒಮ್ಮೆ, ಸ್ನಾನಕ್ಕೆ ಮೊದಲು ಒಮ್ಮೆ, ಸಂಜೆ ಗಾಲಿ ಕುರ್ಚಿಯಲ್ಲಿ ಪಾರ್ಕಿಗೆ ಹೋಗುವಾಗ ಒಮ್ಮೆ. ಇಂಗ್ಲಿಷಿನಲ್ಲೇ, ಆದರೆ ರಾಗ ನಮ್ಮ ಇಗರ್ಜಿಯದ್ದು.

"ನಿಮ್ಮ ಹೋಮ್ ಎಲ್ಲಿ?"

"ಇಸ್‌ಲೂಯಿನ್."

"ಯಾವ ಜಿಲ್ಲೆ?"

"ಗ್ವೆಂಟ್."

"ಕೌನ್ಸಿಲ್ ಯಾವುದು?"

"ಇಸ್‌ಲೂಯಿನ್ ಬರೋ ಕೌನ್ಸಿಲ್."

"ಓಟು ಯಾವ ಕ್ಷೇತ್ರಕ್ಕೆ?"

"ಇಸ್‌ಲೂಯಿನ್."

ಮೊದಲ ವಾರ ಅಜ್ಜ ತಡವರಿಸಿದರು. ಒಮ್ಮೊಮ್ಮೆ ಕಿಟಕಿಯ ಆಚೆ ನೋಡಿ, "ಹೋಮ್ ಅಬುಧಾಬಿಯಲ್ಲಿ, ಅಲ್ಲವಾ?" ಅಂದದ್ದೂ ಉಂಟು. "ನೋ ಸರ್, ಅದು ವಿಲ್ಲಾ" ಅಂತ ಟೀಚರ್ ತಿದ್ದಿದರು. ಕೊನೆಗೆ ಅಜ್ಜ ಹಕ್ಕಿಯ ಹಾಗೆ ಪಟಪಟ ಹೇಳತೊಡಗಿದರು. ಭಾನುವಾರ ನನ್ನ ಕೋಣೆಗೆ ಬಂದ ಟೀಚರ್ ಮುಖದಲ್ಲಿ, ನಮಗೆಲ್ಲ ಕೊಮುಂಜಾಂವ್, ಮೊದಲ ಪ್ರಸಾದ, ಕೊಡಿಸಿದ ದಿನದ ಸಂತೋಷ ಇತ್ತು.

"ಆಬ್ ಪಾಸಾಗ್ತಾರೆ ಬ್ರೆಂಡಾ. ಕೀ ಅವರ ಕೈಗೇ ಸಿಗ್ತದೆ."

"ನೀವು ಕಲಿಸಿದ್ಮೇಲೆ ಮುಗೀತಲ್ಲ ಟೀಚರ್. ನಾರ್ಬರ್ಟನೇ ಪಾಸಾಗಿದ್ದ" ಅಂತ ನಾನೂ ತಮಾಷೆ ಮಾಡಿದೆ.

ವಿಡಿಯೋ ಕಾಲು ಮಧ್ಯಾಹ್ನ ಬಂತು. ಅಂದು ನಡೆದದ್ದನ್ನು ಟೀಚರ್ ನನಗೆ ಎಷ್ಟೋ ಸಲ ಹೇಳಿದ್ದಾರೆ, ಹಾಗಾಗಿ ನಾನೇ ಅಲ್ಲಿದ್ದ ಹಾಗಿದೆ. ಅಜ್ಜನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದ್ದರು. ಲ್ಯಾಪ್‌ಟಾಪ್ ಊಟದ ಮೇಜಿನ ಮೇಲೆ. ಮಗಳು ಒಂದು ಪಕ್ಕ, ಟೀಚರ್ ಗೋಡೆಗೆ ಒರಗಿ ಅಜ್ಜನಿಗೆ ಕಾಣುವ ಹಾಗೆ. ಪರದೆಯಲ್ಲಿ ಬಂದ ನರ್ಸ್ ಸಣ್ಣ ಪ್ರಾಯದವಳು, ಒಳ್ಳೆಯ ಮಾತಿನವಳು. ಅವಳ ಮೇಲೆ ಸಿಟ್ಟು ಮಾಡಲಿಕ್ಕೂ ಏನೂ ಇಲ್ಲ. ಹೆಸರು ಕೇಳಿದಳು, ಸರಿ. ವಾರ ಕೇಳಿದಳು, ಅದೂ ಸರಿ. ಆಮೇಲೆ ಕೇಳಿದಳು, "ಈಗ ನೀವು ಯಾವ ಜಾಗದಲ್ಲಿ ಕೂತಿದ್ದೀರಿ, ಗ್ವಿಲಿಮ್? ನಿಮ್ಮ ಹೋಮ್ ಎಲ್ಲಿದೆ?"

"ಇಸ್‌ಲೂಯಿನ್" ಅಂದರು ಅಜ್ಜ, ಎದೆಯುಬ್ಬಿಸಿ.

ನರ್ಸ್ ಅದು ಯಾವ ದೇಶ ಅಂತ ಕೇಳಿದಳು. ದೇಶ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯ ಎರಡನೆಯ ಉತ್ತರ ಬಂತು. "ಗ್ವೆಂಟ್." ನೀವು ಇರುವ ಕಟ್ಟಡ ಎಂಥದ್ದು, ಮನೆಯಾ, ಆಸ್ಪತ್ರೆಯಾ ಅಂತ ಕೇಳಿದಳು. "ಇಸ್‌ಲೂಯಿನ್ ಬರೋ ಕೌನ್ಸಿಲ್." ರೀಯನ್ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ನರ್ಸ್ ತಲೆ ಬಗ್ಗಿಸಿ ಏನೋ ಬರೆದುಕೊಂಡಳು.

ಟೀಚರಿಗೆ ಆಗ ಅರ್ಥವಾಯಿತು. ಗೋಡೆ ಬಿಟ್ಟು ಬಂದು ಪರದೆಯ ಮುಂದೆ ಬಾಗಿ, "ಮೇಡಂ, ನಾನು ಕಲಿಸಿದ್ದು. ತಪ್ಪು ನನ್ನದು. ಅಬುಧಾಬಿ ಅಂತ ಅವರಿಗೆ ಗೊತ್ತುಂಟು. ಇನ್ನೊಂದು ಸಲ ಕೇಳಿ ಮೇಡಂ, ಪ್ಲೀಸ್" ಅಂದರು. ಆ ಹುಡುಗಿ ಒಳ್ಳೆಯವಳು ಅಂದೆನಲ್ಲ, ಇನ್ನೊಂದು ಸಲ ಕೇಳಿದಳು. ಅಜ್ಜ ಟೀಚರ್ ಮುಖ ನೋಡಿದರು. ಟೀಚರ್ ಕಣ್ಣಲ್ಲಿ ನೀರು. ತಾನು ಮೆಲ್ಲಗೆ ಹೇಳಿದ್ದು ಕೇಳಿಸಲಿಲ್ಲ, ಅದಕ್ಕೇ ಇವಳಿಗೆ ಬೇಸರ ಅಂತ ಅವರಿಗೆ ಅನ್ನಿಸಿರಬೇಕು. ಕುರ್ಚಿಯ ಕೈ ಹಿಡಿದು, ಶಾಲೆಯ ಮಗುವಿನ ಹಾಗೆ ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ, "ಇಸ್-ಲೂ-ಯಿನ್" ಅಂದರು.

ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗಾಯಿತು ಅಂತ ಬೇರೆ ಯಾರ ವಿಷಯದಲ್ಲಾದರೂ ನಾನು ನಗುತ್ತಿದ್ದೆ. ಟೀಚರ್ ವಿಷಯದಲ್ಲಿ ನನಗೆ ನಗು ಬರಲಿಲ್ಲ. ಯಾರ ಮೇಲೆ ಅಂತ ತಿಳಿಯದ ಸಿಟ್ಟು ಬಂತು. ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರಲ್ಲ, ಹಾಗೆ ಆ ವಾರವೆಲ್ಲ ಕೌಂಟರಿನಲ್ಲಿ ಬಂದವರ ಮೇಲೆಲ್ಲ ಹರಿಹಾಯ್ದೆ.

ರೀಯನ್ ಮೇಡಂ ಬೈಯಲಿಲ್ಲ. ಬೈದಿದ್ದರೆ ಟೀಚರಿಗೆ ಒಳ್ಳೆಯದಾಗುತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿ, ಚಾ ಮಾಡಿ, ಒಂದು ಕಪ್ಪು ಟೀಚರ್ ಕೈಗೂ ಕೊಟ್ಟು, ಕತೆಯ ಉಳಿದ ಭಾಗ ಹೇಳಿದರು. ಇಸ್‌ಲೂಯಿನ್ ಅನ್ನುವ ತಾಲೂಕು ಈಗ ಇಲ್ಲ. 1996ರಲ್ಲಿ ಪಕ್ಕದ ಕಣಿವೆಯ ತಾಲೂಕಿನ ಜೊತೆ ಸೇರಿಸಿ ಕೇರ್‌ಫಿಲಿ ಅಂತ ಹೊಸ ಹೆಸರಿಟ್ಟರು. ಅದೂ ಏಪ್ರಿಲ್ ಒಂದಕ್ಕೇ. ಗ್ವೆಂಟ್ ಜಿಲ್ಲೆಯನ್ನೂ ಅದೇ ದಿನ ಕೈಬಿಟ್ಟರು. ಆ ದಿನ ಫೋನು ಎತ್ತಿದಾಗ ಕೇರ್‌ಫಿಲಿ ಅನ್ನಬೇಕಿತ್ತು. ಅಪ್ಪನ ನಾಲಿಗೆ ಹೊರಳಲಿಲ್ಲ, ಸ್ವಲ್ಪ ದಿನದಲ್ಲೇ ನಿವೃತ್ತಿ ಕೇಳಿಕೊಂಡರು. ಕ್ಷೇತ್ರದ ಹೆಸರಾದರೂ ಉಳಿದಿತ್ತು, 1983ರಿಂದ. ಈ ಜುಲೈಯ ಚುನಾವಣೆಗೆ ಅದನ್ನೂ ಒಡೆದರು. ಒಂದಷ್ಟು ಭಾಗ ಕೇರ್‌ಫಿಲಿಗೆ, ಉಳಿದದ್ದು ನ್ಯೂಪೋರ್ಟಿಗೆ. ನ್ಯೂಪೋರ್ಟಿನ ಹೆಸರಿನ ಹಿಂದೆ ಬಾಲದ ಹಾಗೆ ಇಸ್‌ಲೂಯಿನ್ ಅಂತ ಸೇರಿಸಿದ್ದಾರೆ. ಟಿ.ವಿ.ಯಲ್ಲಿ ಅಪ್ಪ ತಲೆಯನ್ನು ಹುಡುಕುತ್ತಿದ್ದರು, ಬಾಲ ಕಾಣಲಿಲ್ಲ.

"ಹಾಗಾದ್ರೆ ನಾನು ಕಲಿಸಿದ ಒಂದು ಉತ್ತರವೂ ಸರಿ ಇಲ್ವಾ ಮೇಡಂ?" ಅಂತ ಟೀಚರ್ ಕೇಳಿದರು.

"ಒಂದು ಕಾಲದಲ್ಲಿ ಎಲ್ಲವೂ ಸರಿ ಇತ್ತು, ಮೆಟಿಲ್ಡಾ" ಅಂದರು ಅವರು.

ಹಿಂದಿನ ಕಟ್ಟಡ ಅಂತ ತೀರ್ಮಾನ ಬಂತು. ರೀಯನ್ ಮೇಡಂ ಮೇಲಿಂದ ಮೇಲೆ ಫೋನ್ ಮಾಡಿ ವಾದಿಸಿದರು. ಇಡೀ ಪರೀಕ್ಷೆ ಇನ್ನೊಮ್ಮೆ ಮಾಡಿ ಅಂದರು. ಇಲ್ಲಿಗೆ ಬಂದ ಮೇಲೆ ತಿಂಗಳಿಗೊಮ್ಮೆ ನೋಡುತ್ತೇವೆ, ಸುಧಾರಿಸಿದರೆ ಮುಂದಿನ ಕಟ್ಟಡಕ್ಕೆ ಕಳಿಸುತ್ತೇವೆ ಅಂತ ಉತ್ತರ. ಟೀಚರ್ ಯಾರಿಗೆ ಫೋನ್ ಮಾಡುವುದು? ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಮಾಡಿದರು. ಏರ್‌ಪೋರ್ಟಿನಲ್ಲಿ ಅಜ್ಜ ಇವರ ಕೈ ಬಿಡಲಿಲ್ಲವಂತೆ. ನೀನು ಯಾವ ಸೀಟು ಅಂತ ಕೇಳಿದರಂತೆ. ಹಿಂದೆ ಸರ್, ಹಿಂದಿನ ಸೀಟು ಅಂತ ಟೀಚರ್ ಸುಳ್ಳು ಹೇಳಿ ಕೈ ಬಿಡಿಸಿಕೊಂಡು ಬಂದರು.

ಈಗ ಟೀಚರ್ ಅಲ್ ಐನ್‌ನಲ್ಲಿ ಒಬ್ಬರು ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಾರೆ. ದೂರವಾದ್ದರಿಂದ ನನ್ನ ಕೋಣೆಗೆ ಬರುವುದು ಕಡಿಮೆ. ಕ್ರಿಸ್ಮಸ್ ಕಳೆದು ಬಂದಾಗ ರೀಯನ್ ಮೇಡಂ ಅವರ ವಿಡಿಯೋ ಕಾಲು ಬಂತು. ಅಪ್ಪನ ಹತ್ತಿರ ಹೋಗಿದ್ದರು. ಫೋನು ಅಪ್ಪನಿಗೆ ಕೊಡುವ ಮೊದಲು ಹೊರಗೆ ನಿಂತು ಎರಡು ಮಾತು ಹೇಳಿದರು. ಆ ಕಟ್ಟಡ ಇರುವುದು ಹಳೆಯ ಇಸ್‌ಲೂಯಿನ್ ಒಳಗೇ. ಅಪ್ಪ ಕೆಲಸಕ್ಕೆ ಹೋಗುತ್ತಿದ್ದ ರಸ್ತೆ ಅವರ ಕಿಟಕಿಯಿಂದ ಕಾಣುತ್ತದೆ. ಆದರೆ ಜಾಗ ಯಾವುದು ಅಂತ ಕೇಳಿದರೆ ಈಗ ಅಬುಧಾಬಿ ಅನ್ನುತ್ತಾರೆ, ಯಾಕೆಂದರೆ ಇಸ್‌ಲೂಯಿನ್ ತಪ್ಪು ಉತ್ತರ ಅಂತ ಮಾತ್ರ ಅವರ ತಲೆಯಲ್ಲಿ ಕೂತಿದೆ. ಕೇರ್‌ಫಿಲಿ ಅಂತ ದಿನಾ ಹೇಳಿಕೊಡುತ್ತಿದ್ದಾರೆ. ನಾಳೆ ಮತ್ತೆ ಪರೀಕ್ಷೆ. "ಅಪ್ಪ ನಿನ್ನನ್ನು ಕೇಳಿದರೆ ನೀನೂ ಅದನ್ನೇ ಹೇಳು, ಮೆಟಿಲ್ಡಾ. ಬೇರೆ ಹೆಸರು ಎತ್ತಬೇಡ."

ಅಜ್ಜ ಇಳಿದುಹೋಗಿದ್ದರು. ಅಂಗಿಗೆ ಇಸ್ತ್ರಿ ಇರಲಿಲ್ಲ, ಟೀಚರ್ ಮೊದಲು ನೋಡಿದ್ದು ಅದನ್ನೇ. ಹಿಂದೆ ಒಬ್ಬಳು ಕೆಲಸದವಳು ಹಾಸಿಗೆ ಸರಿಮಾಡುತ್ತಾ ನಿಂತಿದ್ದಳು. ಟೀಚರ್ ಮುಖ ಕಂಡು ಅಜ್ಜನ ಕಣ್ಣು ಅರಳಿತು. ಫೋನನ್ನು ಹತ್ತಿರ ಎಳೆದುಕೊಂಡು, ಕೆಲಸದವಳಿಗೆ ಕೇಳದ ಹಾಗೆ ಅಂತ ಅವರ ಲೆಕ್ಕ, ಆದರೆ ಗಟ್ಟಿಯಾಗಿಯೇ ಕೇಳಿದರು, "ಮೆಟಿಲ್ಡಾ, ಇವರು ಏನೇನೋ ಹೇಳುತ್ತಾರೆ. ನೀನು ನಿಜ ಹೇಳುತ್ತಿ. ನಾನು ಎಲ್ಲಿದ್ದೇನೆ?"

ಟೀಚರ್ ನನ್ನ ಪಕ್ಕದಲ್ಲೇ ಹಾಸಿಗೆಯ ಮೇಲೆ ಕೂತಿದ್ದರು. ಇಸ್‌ಲೂಯಿನ್ ಅನ್ನುವ ಹೆಸರು ಅವರ ತುಟಿಗೆ ಬಂದದ್ದನ್ನು ನಾನು ಕಂಡೆ. ಕಿಟಕಿಯ ಆಚೆ ನೋಡಿ ಸರ್, ಆ ರಸ್ತೆ ನೋಡಿ, ನೀವು ಬಂದಾಯ್ತು ಸರ್ ಅಂತ ಒಂದು ಮಾತು ಹೇಳಿದ್ದರೆ ಮುದುಕರ ಜೀವ ತಂಪಾಗುತ್ತಿತ್ತು. ಆದರೆ ಆ ಕೆಲಸದವಳ ಕಿವಿ ಅಲ್ಲೇ ಇತ್ತು, ನಾಳೆಯ ಪರೀಕ್ಷೆ ಇತ್ತು, ಕೀ ಇತ್ತು.

"ಕೇರ್‌ಫಿಲಿ, ಸರ್."

ಅಜ್ಜ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅಲ್ಲಿ ನನಗೆ ಯಾರೂ ಗೊತ್ತಿಲ್ಲ" ಅಂದರು. "ನೀನು ಬಂದು ನನ್ನನ್ನು ಮನೆಗೆ ಕರೆದುಕೊಂಡು ಹೋಗು."